ಬನಹಟ್ಟಿಯ ನಾಮಪದಗಳ ಸರ

೨೦೦೭ರ ನವೆಂಬರ್ ಹದಿನಾರು, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಜಮಖಂಡಿಯಲ್ಲಿ ಹಣಮವ್ವನವರ ಮನೆಯ ಬಾಗಿಲನ್ನು ಯಾರೋ ಬಡಿದರು. ಹಣಮವ್ವ ನಿವೃತ್ತ ನರ್ಸ್. ಊರವರ ಒಗಟು ಬಿಡಿಸುವುದರಲ್ಲಿ ಹೆಸರಾದವರು. ನಾನು ಅವರ ಬಾಡಿಗೆದಾರ, ಭೌತಶಾಸ್ತ್ರದ ಉಪನ್ಯಾಸಕ.

ಬಂದವರು ಬನಹಟ್ಟಿಯ ಶಿವಯೋಗಿ ಮಾಸ್ತರರು. ಕುಳಿತವರು ಮತ್ತೆ ಎದ್ದರು. "ಅಕ್ಕಾರ, ಎಂಟು ವರ್ಷದ ದುಡಿತ ಕಳುವಾಗೇತ್ರಿ. ನಾಳೆ ಪ್ರೆಸ್ಸಿಗೆ ಕೊಡೂದಿತ್ತು!"

ಬ್ರಿಟನ್ನಿನ ವೇಲ್ಸ್ ನಾಡಿನ ನುಡಿಯ ಮಾದರಿಯಲ್ಲಿ ಅವರು ಹೊಸ ಭಾಷೆಯೊಂದನ್ನು ಕಟ್ಟಿದ್ದರು. ಕನ್ನಡದಲ್ಲಿ 'ಮನೆಗೆ, ಮನೆಯಲ್ಲಿ' ಎಂದು ಪದದ ಕೊನೆ ಬದಲಾದರೆ, ಅದರಲ್ಲಿ ಮೊದಲ ಅಕ್ಷರವೇ ಬದಲಾಗುತ್ತಿತ್ತು. ಮಗ್ಗದ ಹಳೆಯ ರಟ್ಟಿನ ಪಟ್ಟಿಗಳ ಮೇಲೆ ಕನ್ನಡ ಲಿಪಿಯಲ್ಲಿ ಪದಗಳನ್ನು ಬರೆದು, ದಾರದಿಂದ ಹೆಣೆದು, ನಾಲ್ಕು ಸರ ಮಾಡಿ ಮನೆಯ ಒಂದು ಕೋಣೆಯಲ್ಲಿ ತೂಗುಹಾಕಿದ್ದರು. ರಾತ್ರಿಯಿದ್ದ ನಾಮಪದಗಳ ಸರ ಬೆಳಿಗ್ಗೆ ಇರಲಿಲ್ಲ.

ನಾವು ಮೂವರೂ ಬನಹಟ್ಟಿಯ ಅವರ ಮನೆ ತಲುಪಿದಾಗ ಮಗ್ಗಗಳ ಸದ್ದಿಗೆ ಗೋಡೆಯೇ ಅದುರುತ್ತಿತ್ತು. ಮಾಸ್ತರರು ಅತ್ತಿಂದಿತ್ತ ಓಡಾಡುತ್ತ ತಮ್ಮ ಭಾಷೆಯಲ್ಲಿ ಏನೋ ಗೊಣಗಿದರು. ಹೆಂಡತಿ ರತ್ನಾಬಾಯಿ ತಂಬಿಗೆ ನೀರು ತಂದಿಟ್ಟು ಒಳಗೆ ಹೋದರು.

ಮಾಸ್ತರರು ಅಣ್ಣನ ಮಗ ಬಾಳುವಿನತ್ತ ಬೊಟ್ಟು ಮಾಡಿದರು. "ಮಗ್ಗ ಹಾಕಾಕ ಈ ಖೋಲಿ ಕೇಳಾಕತ್ತಾನ್ರಿ!"

"ಕಾಕಾ, ಆ ರಟ್ಟು ಕದ್ದು ನಾ ಏನ್ ಉಪ್ಪಿನಕಾಯಿ ಹಾಕ್ಲ್ಯಾ? ಖೋಲಿ ಬೇಕಂದ್ರ ನಾಕೂ ಒಯ್ತಿದ್ದೆ."

ಮಾಸ್ತರರ ಗೆಳೆಯ ಬಾಳಾಸಾಹೇಬರು ಎರಡು ದಿನ ತೇರದಾಳದಲ್ಲಿದ್ದು, ನಮ್ಮೆದುರಿಗೇ ಬಸ್ಸಿಳಿದಿದ್ದರು. "ಆ ಭಾಷಾ ಬರೂದು ಮಾಸ್ತರಗ, ನನಗ, ಇಬ್ಬರಿಗಷ್ಟ," ಎಂದರು.

"ಅಚ್ಚಿಗೆ ಆ ಸರ ತಯಾರಿತ್ತೇನ್ರಿ?" ಹಣಮವ್ವ ಮಾಸ್ತರರನ್ನು ಕೇಳಿದರು.

"ಇಲ್ರಿ. ಮನ್ಯಾಗ ಆಡಿದಂಗೂ ಬರಕೊಂಡು ಆ ಸರದಾಗ ಒಂದೊಂದು ಪದಕ್ಕ ಎರಡೆರಡು ಕಾಗುಣಿತ ಆಗಿದ್ದುವು. ನಾ ಕಟ್ಟಿದ್ದೊಂದ ಉಳಿಸಿ, ಬಾಕಿ ಕಸ ಒಲಿಗೆ ಹಾಕೂದು ಅಂತ ನಿನ್ನೆ ಹೇಳಿದ್ದೆ."

ಹಣಮವ್ವ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು. "ನಾಕೂ ಸರ ನೋಡಾಕ ಒಂದ ನಮೂನಿ. ಅಕ್ಷರ ಯಾರರ ಓದ್ತಾರ; ಕಸ ತಗೀಬೇಕಿದ್ದ ಸರಾನ ಹೋಗೇತಿ, ಅದ ನಾಮಪದದ್ದು ಅಂತ ತಿಳೀಬೇಕಂದ್ರ ಭಾಷಾ ಬರಬೇಕು. ಬಾಳುಗ ಬರೂದಿಲ್ಲ. ಬಾಳಾಸಾಹೇಬ್ರು ಊರಾಗಿರಲಿಲ್ಲ. ಮಾಸ್ತರ, ಆವಾಗ ಏನ್ ಗೊಣಗಿದ್ರಿ?"

"ನೀರು ಬೇಕು ಅಂದೆ."

"ತಂದವ್ರು ಯಾರು?"

ಎಲ್ಲರ ಕಣ್ಣೂ ರತ್ನಾಬಾಯಿಯತ್ತ ತಿರುಗಿದವು. ಅವರು ಎದ್ದು, ಮಡಿಚಿಟ್ಟ ಕೌದಿಗಳ ನಡುವಿನಿಂದ ಸರವನ್ನು ಹೊರತೆಗೆದರು.

"ಹೌದ್ರಿ, ನಾನ. ಎಂಟು ವರ್ಷ ಇವ್ರು ಆಡಂದ್ರು, ಆಡಿದೆ. ನನ್ನ ಬಾಯಾಗ ಬಂದದ್ದ ಬರಕೊಂಡ್ರು. ಈಗ ಅದು ಕಸ. ಹಂಗಾದ್ರ ಆ ಭಾಷಾದಾಗ ನಾ ಎಲ್ಲಿದ್ದೀನ್ರಿ?"

ಮಾಸ್ತರರು ಸರದ ತುದಿಯನ್ನು ಕೈಗೆತ್ತಿಕೊಂಡರು. "ನಿಂದೂ ನಂದೂ ಎರಡೂ ಅಚ್ಚಾಗ್ಲಿ," ಎಂದರು.

"ಮೊದಲು ನಂದು, ಆಮ್ಯಾಲ ನಿಮ್ದು."

"ಆತು ಬಿಡು ಮಾರಾಯ್ತಿ."

ಪ್ರೆಸ್ಸಿಗೆ ಕಟ್ಟುವ ಮೊದಲು ಸರವನ್ನು ಓಣಿಯಲ್ಲಿ ಬಿಡಿಸಿ ಅಳೆದೆ. ಒಂದು ಪಟ್ಟಿಯೂ ಕಡಿಮೆಯಾಗಿರಲಿಲ್ಲ. ಉದ್ದ ಹದಿನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್.