ನೊವಿಟ್ಸ್ಕಿ ಮನೆಯ ಕದ್ದ ಹಾಡುಗಳು

"ನನ್ನ ಮಗಳನ್ನ ಕಳ್ಳಿ ಅಂತ ನಾನೇ ಅಂದ್‌ಬಿಟ್ಟೆ, ಮಿಸ್ ಮಾರ್ಷ್. ಅವತ್ತೇ ಮನೆ ಬಿಟ್ಟು ಹೋದ್ಳು," ಎಂದ ಸ್ಟ್ಯಾನ್ ನೊವಿಟ್ಸ್ಕಿ, ಟೋಪಿಯನ್ನು ಮೊಣಕಾಲ ಮೇಲೆ ಹಿಂಡುತ್ತ.

ಬರ್ನಿಸ್ ಅವನ ಮುಂದೆ ಕಾಫಿ ಇಟ್ಟಳು. ಅಮೆರಿಕದ ಟೊಲೆಡೊ ಊರಿನ ಪೋಲಿಷ್ ಕೇರಿಯ ಚರ್ಚಿನಲ್ಲಿ ಆರ್ಗನ್ ನುಡಿಸುವವಳು ಅವಳು. ಅವಳ ಮಹಡಿಯ ಬಾಡಿಗೆದಾರಳೇ ಐಡಾ ಮಾರ್ಷ್; ವಿಮಾ ಕಂಪನಿಗಾಗಿ ಬೆಂಕಿ ಅನಾಹುತಗಳ ಹಿಂದಿನ ಮೋಸ ಹುಡುಕಿ ನಿವೃತ್ತಳಾದವಳು. ಕೇರಿಯಲ್ಲಿ ಏನೇ ಕೆಟ್ಟದ್ದಾದರೂ ಜನ ಪೊಲೀಸರಿಗಿಂತ ಮೊದಲು ಈ ಮೆಟ್ಟಿಲು ಹತ್ತುತ್ತಿದ್ದರು. ಐಡಾ ಹೋದಲ್ಲೆಲ್ಲ ಬರ್ನಿಸ್ ಜೊತೆಗೆ ಹೋಗುತ್ತಿದ್ದಳು.

ಸ್ಟ್ಯಾನ್ ಸಿಟಿ ಬಸ್ಸಿನ ಡ್ರೈವರು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದವರು ಮಗಳು ಟೆಸ್, ತಮ್ಮ ಲೆನರ್ಡ್ ಇಬ್ಬರೇ. ಆಗ ಹಾಡಿನ ಕಂಪನಿಗಳು ಕಂಪ್ಯೂಟರಿನಲ್ಲಿ ಹಾಡು ಹಂಚಿಕೊಂಡವರ ಮೇಲೆಲ್ಲ ದಾವೆ ಹೂಡುತ್ತಿದ್ದ ಕಾಲ. ಹೆದರಿದ ಸ್ಟ್ಯಾನ್ ಚರ್ಚಿನೆದುರು ಅಂಗಡಿ ಇಟ್ಟಿದ್ದ ಗ್ರೇಡಿ ವಿಟ್ಲಾಕನನ್ನು ಮನೆಗೆ ಕರೆಸಿದ್ದ. ವಿಟ್ಲಾಕ್ ಮಾರುತ್ತಿದ್ದದ್ದು 'ಮನೆಗಾವಲು' ಎಂಬ ಸಾಫ್ಟ್‌ವೇರ್. ಮೊದಲು ಪುಕ್ಕಟೆ ತಪಾಸಣೆ ಮಾಡುತ್ತೇನೆಂದು ತನ್ನ ಸಿ.ಡಿ. ಹಾಕಿದ, ಕದ್ದ ಹಾಡುಗಳು ರಾಶಿ ರಾಶಿ ಕಂಡವು. ಸ್ಟ್ಯಾನ್ ನಿಂತಲ್ಲೇ ಮನೆಗಾವಲನ್ನು ಕೊಂಡ. 'ಹಾಡುಗಳನ್ನು ಅಳಿಸಲಾಗಿದೆ, ಎಲ್ಲ ಶುದ್ಧವಾಗಿದೆ' ಎಂದು ಪರದೆ ಹೇಳಿತು. ಅದಾದದ್ದು ಅಕ್ಟೋಬರಿನಲ್ಲಿ. ಈಗ ನೋಟಿಸು ಬಂದಿತ್ತು: ಕ್ರಿಸ್ಮಸ್ ವಾರದಲ್ಲಿ ನಿಮ್ಮ ಮನೆಯಿಂದ ಹಾಡುಗಳು ಹಂಚಿಕೆಯಾಗಿವೆ, ದಂಡ ಕಟ್ಟಿ, ಇಲ್ಲವೇ ಕೋರ್ಟಿಗೆ ಬನ್ನಿ.

"ಟೆಸ್ ಏನಂದ್ಳು?"

"'ನಾನು ಮಾಡಿಲ್ಲ' ಅಂದ್ಳು. ಅಷ್ಟೇ. ಅವರಮ್ಮನ ಹಾಗೇ ಹಟಮಾರಿ."

"ಲೆನರ್ಡ್?"

"ಮದುವೆಗಳಲ್ಲಿ ಅಕಾರ್ಡಿಯನ್ ನುಡಿಸ್ತಾನೆ. ಹಾಡೇ ಅವನ ಹೊಟ್ಟೆಪಾಡು. ಅವನನ್ನ... ಕೇಳ್ಲಿಲ್ಲ."

"ಮಗಳನ್ನ ಬೈಯೋಕೆ ಬಾಯಿತ್ತು, ತಮ್ಮನ್ನ ಕೇಳೋಕಿರ್ಲಿಲ್ವಾ?" ಎಂದು ಐಡಾ ಕೋಟು ತೊಟ್ಟಳು.

ಟೆಸ್ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. "ದಂಡ ಕಟ್ಟಿ ಮುಗಿಸ್ಬಾರ್ದೇನೆ?" ಎಂದು ಬರ್ನಿಸ್ ಕೇಳಿದ್ದೇ ತಪ್ಪಾಯಿತು.

"ಯಾಕೆ ಕಟ್ಬೇಕು? ಕಟ್ಟಿದ್ರೆ ಕದ್ದಿದ್ದು ನಿಜ ಅಂತಾಗತ್ತೆ. ನೋಟಿಸಿನಲ್ಲಿರೋ ಹಾಡುಗಳನ್ನ ನೋಡಿದೀರಾ? ಅಜ್ಜಿಯರ ಪೋಲ್ಕಾ ಕುಣಿತದ ಹಾಡು, ಲಾರಿ ಡ್ರೈವರ್‌ಗಳ ಹಾಡು, ಮಕ್ಕಳ ಹಾಡು, ಎಲ್ಲಾ ಕಲಸುಮೇಲೋಗರ. ಇಷ್ಟು ಕೆಟ್ಟ ಅಭಿರುಚಿಗಾದ್ರೂ ನನ್ನನ್ನ ಬಿಟ್ಬಿಡ್ಬೇಕಿತ್ತು ಅಪ್ಪ!"

ಲೆನರ್ಡ್ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟ. "ನಾನೇ ಮಾಡಿದ್ದು ಅಂತ ಬರ್ಕೊಳ್ಳಿ."

"ಹೇಗೆ ಮಾಡಿದೆ?"

"ಅದೇ... ಗುಂಡಿ ಒತ್ತಿ."

ಇವನೇ ಕಳ್ಳ ಎಂದು ಬರ್ನಿಸ್ ಆಗಲೇ ತೀರ್ಮಾನಿಸಿಬಿಟ್ಟಳು. ಐಡಾ ಮಾತ್ರ ಮುದುಕಿ ಮಿಸೆಸ್ ಯಾಸಿನ್ಸ್ಕಿಯ ಮನೆಗೆ ನಡೆದಳು. ಆಕೆಗೂ ವಿಟ್ಲಾಕ್ ಮನೆಗಾವಲು ಮಾರಿದ್ದ.

"ನನ್ನದರಲ್ಲೂ ಕದ್ದ ಹಾಡು ಸಿಕ್ಕವಮ್ಮ! ಇಸ್ಪೀಟಾಡೋದು ಬಿಟ್ರೆ ನಂಗೇನೂ ಬರಲ್ಲ," ಎಂದು ಆಕೆ ಎದೆ ಮುಟ್ಟಿಕೊಂಡಳು.

ಐಡಾ ಬಗ್ಗಿ ಕಂಪ್ಯೂಟರ್ ಮೇಜಿನ ಹಿಂದಿನ ಗೋಡೆ ನೋಡಿದಳು. "ಫೋನೆಲ್ಲಿದೆ?"

"ಅಡುಗೆಮನೇಲಿ. ಇರೋದೊಂದೇ."

ಐಡಾಳ ತುಟಿಯಂಚಿನಲ್ಲಿ ನಗು ಸುಳಿಯಿತು. ಬರ್ನಿಸಳಿಗೆ ಕಂಡದ್ದು ಬರೀ ಗೋಡೆ.

ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಸಭಾಂಗಣದಲ್ಲಿ ಸೇರಿದರು. ಟೆಸ್ ಅಪ್ಪನಿಂದ ದೂರ, ಬಾಗಿಲ ಬಳಿ ನಿಂತಳು. ಮೇಜಿನ ಮೇಲೊಂದು ಕಂಪ್ಯೂಟರು.

"ಇದು ಚರ್ಚಿನದು, ಗ್ರೇಡಿ. ಸ್ವಲ್ಪ ತಪಾಸಣೆ ಮಾಡ್ತೀಯಾ?" ಎಂದಳು ಐಡಾ.

"ಸಂತೋಷವಾಗಿ!" ವಿಟ್ಲಾಕ್ ಸಿ.ಡಿ. ಹಾಕಿದ. ಪರದೆಯ ತುಂಬ ಹಾಡಿನ ಹೆಸರುಗಳು ಸುರಿದವು. ಅವನು ನಾಲಿಗೆ ಲೊಚಗುಟ್ಟಿದ. "ಛೆ ಛೆ, ಫಾದರ್. ದೇವರ ಮನೆಯಲ್ಲೂ!"

ಫಾದರ್ ಮರೆಕ್ ಕೆಮ್ಮಿದರು. "ಇವತ್ತು ಪೂಜೆಗೆ ಮುಂಚೆ ನಾನೇ ಈ ಹೊಸ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ್ದು, ಮಗನೇ. ಫೋನಿನ ತಂತಿಯನ್ನ ಇನ್ನೂ ಜೋಡಿಸೇ ಇಲ್ಲ."



"ಮಿಸೆಸ್ ಯಾಸಿನ್ಸ್ಕಿ ಕಂಪ್ಯೂಟರಿಗೂ ತಂತಿ ಇಲ್ಲ," ಎಂದಳು ಐಡಾ. "ಹೊರಗಿನ ಹಾಡು ಬರೋದು ಫೋನಿನ ತಂತೀಲೇ. ತಂತಿ ಇಲ್ದೆ ಹಾಡು ಹೇಗೆ ಬಂತು? ಇವನ ಸಿ.ಡಿ.ಯಿಂದ. ಯಾರ ಮನೆಗೆ ಹೋದ್ರೂ ಒಪ್ಪೋ ಹಾಗೆ ಎಲ್ಲ ವಯಸ್ಸಿನವರ ಹಾಡೂ ತುಂಬಿದ್ದ. ಟೆಸ್ ಅದನ್ನ ಮೊದಲೇ ಗುರುತಿಸಿದ್ಳು. ಜೊತೆಗೆ ಹಾಡು ಹಂಚೋ ಸಾಫ್ಟ್‌ವೇರನ್ನೂ ಕೂರಿಸ್ತಿದ್ದ, ಜನ ಚೆನ್ನಾಗಿ ನಡುಗ್ಲಿ ಅಂತ. ಇನ್ನು ಅಕ್ಟೋಬರಿನಲ್ಲಿ ಅಳಿಸಿದ ಹಾಡು ಕ್ರಿಸ್ಮಸ್‌ನಲ್ಲಿ ಹಂಚಿಕೆಯಾಗೋದು ಹೇಗೆ? ಅಳಿಸಿರ್ಲೇ ಇಲ್ಲ. ಮನೆಗಾವಲು ಅವನ್ನ ಯಜಮಾನನ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿತ್ತು. ಸ್ಟ್ಯಾನ್ ಮನೇಲಿ ತಂತಿ ಇತ್ತು, ಹಾಡು ಊರೆಲ್ಲ ಹರೀತು."

"ಹಾಗಾದ್ರೆ ಲೆನರ್ಡ್?" ಬರ್ನಿಸ್ ಪಿಸುಗುಟ್ಟಿದಳು.

"ಅವನಿಗೆ ಗುಂಡಿ ಒತ್ತೋದೂ ಬರಲ್ಲ. ಟೆಸ್ ಮಾಡಿರ್ಬಹುದು ಅಂದ್ಕೊಂಡು ತಲೆ ಕೊಡೋಕೆ ಹೊರಟಿದ್ದ."

ವಿಟ್ಲಾಕ್ ಬಾಗಿಲತ್ತ ಸರಿದ. ಟೆಸ್ ಅಡ್ಡ ನಿಂತಳು. "ಕೂತ್ಕೊಳ್ಳಿ ಸ್ವಾಮಿ. ಪೊಲೀಸರು ಬರೋವರೆಗೂ ನಿಮ್ಮ ಮನೆಗಾವಲು ನಾನೇ."

ಸ್ಟ್ಯಾನ್ ಎದ್ದ. ಮುಖ ಸುಟ್ಟ ಇಟ್ಟಿಗೆಯಾಗಿತ್ತು. "ಎಲ್ರ ಮುಂದೆ ಹೇಳ್ತೀನಿ. ನನ್ನ ಮಗಳು ಕದ್ದಿಲ್ಲ. ತಪ್ಪು ನಂದು."

"ಕೇಳಿಸ್ತು," ಎಂದಳು ಟೆಸ್. ಅಪ್ಪನನ್ನು ತಬ್ಬಿಕೊಳ್ಳಲಿಲ್ಲ; ಆದರೆ ಬಂದು ಪಕ್ಕದಲ್ಲಿ ಕುಳಿತಳು.

ಹಾಡಿನ ಕಂಪನಿಯ ವಕೀಲ ಅಷ್ಟಕ್ಕೆ ಸೋಲಲಿಲ್ಲ. ಕಂಪ್ಯೂಟರ್ ನಿಮ್ಮದೇ ತಾನೆ, ಅರ್ಧ ದಂಡ ಕಟ್ಟಿ ಎಂದ. ಸ್ಟ್ಯಾನ್ ಕೋರ್ಟಿಗೇ ಬರುತ್ತೇನೆಂದ. ವಿಚಾರಣೆ ಹತ್ತಿರವಾದಂತೆ ವಕೀಲನ ದನಿ ಮೆತ್ತಗಾಯಿತು. ದಂಡ ಬೇಡ, ಒಂದು ಕ್ಷಮೆ ಕೇಳಿದರೆ ಸಾಕು, ದಾವೆ ಬಿಡುತ್ತೇವೆ ಎಂದು ಫೋನು ಮಾಡಿದ. ಆಗ ಬರ್ನಿಸ್ ಅಲ್ಲೇ ಇದ್ದಳು. ಸ್ಟ್ಯಾನ್ ಫೋನನ್ನು ಮಗಳ ಕೈಗಿತ್ತ.

"ಕ್ಷಮೆ ಕೇಳೋದಾ? ಮೊದಲು ನೀವು ನಮ್ಮಪ್ಪನ್ನ ಕೇಳಿ," ಎಂದು ಟೆಸ್ ಫೋನಿಟ್ಟಳು.

ಬೇಸಿಗೆಗೆ ಮುನ್ನ ಕಂಪನಿ ತಾನಾಗಿಯೇ ದಾವೆ ಹಿಂತೆಗೆದುಕೊಂಡಿತು.