ಮಬ್ಬುಗಣ್ಣ ಹೇಳದ ಅಳತೆ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಮಿಣುಗುನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಕುಂಬಾರಿಕೆ ಕಲಿತವರೆಲ್ಲ ಅರಮನೆಯಲ್ಲಿ ಪರೀಕ್ಷೆ ಕೊಡಬೇಕು. ಪರೀಕ್ಷೆ ಮಾಡುವ ಪೀಠದಲ್ಲಿ ಮಬ್ಬುಗಣ್ಣನೆಂಬ ಮಾಯಾವಿ ಕೂತಿದ್ದ. ತನಗೆ ಎಂಥ ಕೊಡ ಬೇಕೆಂದು ಅವನು ಮೊದಲು ಹೇಳುತ್ತಲೇ ಇರಲಿಲ್ಲ. ಮಾಡಿದ ಮೇಲೆ ತಪ್ಪು ಹುಡುಕುತ್ತಿದ್ದ. ಮೂರು ಸಲ ಸೋತವರು ಕತ್ತೆಗಳಾಗಿ ಅವನ ಗೋಪುರಕ್ಕೆ ಕಲ್ಲು ಹೊರಬೇಕು.

ಹಾಗೆ ಕತ್ತೆಯಾದವಳು ಸಿರಿಯವ್ವ. ಅವಳನ್ನು ಬಿಡಿಸಲು ತಂಗಿ ದೇಮಿ ಅರಮನೆಗೆ ಬಂದಳು. ಅಂಗಳದಲ್ಲಿ ಒಂದು ಬೂದುಬಣ್ಣದ ಕತ್ತೆ ಬಂದು ಅವಳ ಹೆಗಲ ಮೇಲೆ ಗದ್ದವಿಟ್ಟಿತು.

"ಅಕ್ಕಾ, ನೀನೇನೇ?" ಎಂದಳು ದೇಮಿ. ಕತ್ತೆಯ ಕಣ್ಣು ತುಂಬಿತು.

ದೇಮಿ ತಿಗರಿಯ ಮುಂದೆ ಕೂತು ಕೊಡ ಮಾಡಿದಳು. ಮಡಕೆ ಸುಡುವ ಅರಮನೆಯ ಮಾಯದ ಆವಿಗೆ ಅದನ್ನು ರೆಪ್ಪೆ ಬಡಿಯುವಷ್ಟರಲ್ಲಿ ಸುಟ್ಟುಕೊಟ್ಟಿತು.

"ಹೂಬಳ್ಳಿ ಎಲ್ಲಿ? ಸೋತೆ!" ಎಂದ ಮಬ್ಬುಗಣ್ಣ. ದೇಮಿಯ ಕಿವಿಗಳು ಉದ್ದವಾದವು.

ಎರಡನೆಯ ಕೊಡಕ್ಕೆ ಹೂಬಳ್ಳಿ ಬರೆದಳು.

"ಹೂಬಳ್ಳಿ ಯಾರಿಗೆ ಬೇಕಿತ್ತು? ಸೋತೆ!" ಅವಳಿಗೆ ಬಾಲ ಬಂತು.

ಮೂರನೆಯ ಸಲ ದೇಮಿ ಮಣ್ಣು ಮುಟ್ಟಲಿಲ್ಲ.

"ಅಯ್ಯಾ, ಒಳ್ಳೆಯ ಕೊಡ ಹೇಗಿರಬೇಕು, ಮೊದಲು ಹೇಳಿ."

"ಹೇಳಿದರೆ ಎಲ್ಲರೂ ಗೆದ್ದುಬಿಡುತ್ತಾರೆ!"

"ಗೆಲ್ಲಲಿ ಬಿಡಿ. ನಮ್ಮಕ್ಕ ಹೇಳಿಯೇ ಕಲಿಸಿದ್ದು."

ಸಿಂಹಾಸನದಲ್ಲಿದ್ದ ಮುದಿರಾಣಿ ಇಷ್ಟು ದಿನ ಅವನ ಮಾತಿಗೆ ತಲೆದೂಗುತ್ತಿದ್ದವಳು ಈಗ ನೆಟ್ಟಗೆ ಕೂತಳು. "ಹುಡುಗಿ ಕೇಳಿದ್ದು ನ್ಯಾಯವೇ. ಹೇಳಯ್ಯಾ!"

ರಾಣಿಯ ಮಾತು ಮೀರುವಂತಿಲ್ಲ. ಮಬ್ಬುಗಣ್ಣ ಹಲ್ಲು ಕಡಿಯುತ್ತಾ ಹೇಳಿದ: "ನೀರು ಸೋರಬಾರದು. ತಟ್ಟಿದರೆ ಠಣ್ ಅನ್ನಬೇಕು. ಮುದುಕಿಯೂ ಎತ್ತಿ ಸೊಂಟಕ್ಕಿಡುವಷ್ಟು ಹಗುರಾಗಿರಬೇಕು."

ಅವನ ಮಾಯೆಯೆಲ್ಲ ಆಡದ ಮಾತಿನಲ್ಲೇ ಇತ್ತು. ಆಡಿದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು.

ದೇಮಿ ಈಗ ಮಣ್ಣಿನ ಮುದ್ದೆಯನ್ನು ತಿಗರಿಯ ಮೇಲಿಟ್ಟಳು. ಕತ್ತೆ ಬಂದು ಅವಳ ಬೆನ್ನಿಗೆ ಹಣೆ ಆನಿಸಿ ನಿಂತಿತು. ತಿಗರಿ ತಿರುಗಿತು.

ಕೊಡಕ್ಕೆ ನೀರು ಹೊಯ್ದರು. ಒಂದು ಹನಿ ಸೋರಲಿಲ್ಲ. ಮಬ್ಬುಗಣ್ಣ ಮೊಣಕಾಲವರೆಗೆ ಹೊಗೆಯಾದ. ತಟ್ಟಿದರು, ಠಣ್ ಅಂದಿತು. ಸೊಂಟದವರೆಗೆ ಹೊಗೆಯಾದ. ಆಗ ಮುದಿರಾಣಿಯೇ ಇಳಿದುಬಂದು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ಹಗುರ ಕಣೇ, ಮಗಳೇ!" ಎಂದಳು. ಮಬ್ಬುಗಣ್ಣ ಪೂರ್ತಿ ಹೊಗೆಯಾಗಿ ಕಿಟಕಿಯಿಂದಾಚೆ ಹೋದ.

ಕತ್ತೆಗಳೆಲ್ಲ ಮನುಷ್ಯರಾದರು. ದೇಮಿಯ ಕಿವಿಬಾಲಗಳೂ ಮಾಯವಾದವು. ಸಿರಿಯವ್ವ ತಂಗಿಯನ್ನು ಅಪ್ಪಿಕೊಂಡಳು. ಆಮೇಲೆ ಕೊಡವನ್ನು ತಿರುಗಿಸಿ ನೋಡಿ, "ಬಾಯಿ ಚೂರು ಓರೆಯಾಗಿದೆಯಲ್ಲೇ" ಎಂದಳು.

"ಅದನ್ನು ಅವನು ಕೇಳಲೇ ಇಲ್ಲವಲ್ಲಕ್ಕಾ!" ಎಂದು ದೇಮಿ ಅಳುತ್ತಳುತ್ತಲೇ ನಕ್ಕಳು.

"ನಾನು ಕೇಳ್ತೀನಿ. ಬಾ, ತಿದ್ದಿಕೊಡ್ತೀನಿ."

ರಾಣಿ ಅಕ್ಕತಂಗಿಯರನ್ನೇ ಆ ಪೀಠದಲ್ಲಿ ಕೂರಿಸಿದಳು. ಅವರು ಮೊದಲು ಹೇಳಿ, ಆಮೇಲೆ ನೋಡುತ್ತಿದ್ದರು. ಸೋತವರು ಅವರ ಪಕ್ಕದಲ್ಲೇ ಕೂತು ಮತ್ತೆ ಕಲಿಯುತ್ತಿದ್ದರು. ಮಿಣುಗುನಾಡಿನ ಮನೆಮನೆಯಲ್ಲೂ ಕೊಡ ತುಂಬಿತ್ತು, ಎಲ್ಲರ ಹೊಟ್ಟೆಯೂ ತಣ್ಣಗಿತ್ತು.