ಗದಿಗೆಪ್ಪನ ದನಿಗಂಟು

"ದಯಮಾಡಿ ಇನ್ನು ಹತ್ತು ರೂಪಾಯಿ ಏರಿಸುವ ಕೃಪೆ ಮಾಡುವಿರಾ?" ಎಂದಿತು ನುಡಿಹಲಗೆ.

ಉಳ್ಳಾಗಡ್ಡಿ ರಾಶಿಯ ಸುತ್ತ ನಿಂತಿದ್ದ ಖರೀದಿದಾರರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನಂತೂ ನೆಲಕ್ಕೇ ಕುಕ್ಕರಿಸಿದ. "ಕಾಕಾ, ಹಂಗ ಕೇಳಿದ್ರ ಹತ್ತೇನು, ಮನೀನ ಬರದ ಕೊಡ್ತೀವಿ!"

ಗದಿಗೆಪ್ಪ ಅಂದದ್ದು ಅದಲ್ಲ. "ಏರಸ್ರಲೇ ಹಲ್ಕಟ್‌ಗೋಳ್ಯಾ, ಹೆಣ ನಿಂತಂಗ ನಿಂತೀರಿ" ಎಂದು ಅವನು ಅಂದಿದ್ದ. ಅಂದರೆ ಗಂಟಲಲ್ಲಿ ಅಂದುಕೊಂಡಿದ್ದ. ಗದಗಿನ ಬಜಾರಿನಲ್ಲಿ ಇಪ್ಪತ್ತೆಂಟು ವರ್ಷ ಹರಾಜಿನ ಸವಾಲು ಕೂಗಿದ ಮನುಷ್ಯ ಅವನು. ಅಷ್ಟೇ ವರ್ಷ ತಂಬಾಕು ತಿಂದದ್ದರಿಂದ ಧ್ವನಿಪೆಟ್ಟಿಗೆಯಲ್ಲಿ ಹುಣ್ಣಾಗಿ, ಹೋದ ಬೇಸಿಗೆಯಲ್ಲಿ ಅದನ್ನೇ ಕತ್ತರಿಸಿ ತೆಗೆದಿದ್ದರು.

ಆ ಕಾಲಕ್ಕೆ ಮೂಗರಾದವರು ಯಾರೂ ಮೂಗರಾಗಿಯೇ ಉಳಿಯುತ್ತಿರಲಿಲ್ಲ. ಗಂಟಲ ಮೇಲೆ ಅಂಟಿಸಿದ ಒಂದು ಬಿಲ್ಲೆ ನರಗಳ ಅದುರಾಟವನ್ನು ಓದಿ, ಆಡಬೇಕೆಂದ ಮಾತಿನ ಅರ್ಥವನ್ನು ಅಂಗೈಯಗಲದ ನುಡಿಹಲಗೆಗೆ ಕಳಿಸುತ್ತಿತ್ತು. ಹಲಗೆ ಆ ಅರ್ಥಕ್ಕೆ ಮಾತು ತೊಡಿಸಿ ನುಡಿಯುತ್ತಿತ್ತು. ಯಾವ ಮಾತು, ಯಾವ ದನಿ ಎಂಬುದನ್ನು ನಿರ್ಧರಿಸುವುದು ಅದರೊಳಗಿನ ದನಿಗಂಟು. ಗಂಟಿನಲ್ಲಿ ಇರುವ ಮಾತನ್ನು ಹಲಗೆ ಹಾಗೆಯೇ ಆಡುತ್ತದೆ. ಇಲ್ಲದಿದ್ದರೆ ಅರ್ಥಕ್ಕೆ ತೀರ ಹತ್ತಿರದ ಮಾತನ್ನು ಹೆಕ್ಕುತ್ತದೆ. ಕಂಪನಿ ತುಂಬಿ ಕಳಿಸಿದ ಗಂಟಿನಲ್ಲಿ ಇದ್ದದ್ದು ಮದುವೆ ಕರೆಯೋಲೆಯ ಭಾಷೆ, ತುಪ್ಪ ಸವರಿದಂಥ ಗಂಡಸಿನ ದನಿ. ಅದು ತನ್ನ ಎದೆಯ ಹತ್ತಿರದಿಂದ ಹೊರಟಾಗಲೆಲ್ಲ ಗದಿಗೆಪ್ಪನಿಗೆ ಯಾರದೋ ಎಂಜಲು ಬಾಯಿಗೆ ಬಿದ್ದಷ್ಟು ಹೇಸಿಗೆಯಾಗುತ್ತಿತ್ತು.

ಉಳ್ಳಾಗಡ್ಡಿ ಆರಿಸುವುದು, ತೂಗುವುದು, ಚೀಲ ಹೊಲಿಯುವುದು ಎಲ್ಲವನ್ನೂ ಯಂತ್ರಗಳು ಮಾಡುತ್ತಿದ್ದವು. ಸವಾಲು ಮಾತ್ರ ಮನುಷ್ಯನೇ ಕೂಗಬೇಕಿತ್ತು. ಬೈಯಿಸಿಕೊಳ್ಳದೆ ದರ ಏರಿಸುವ ರೂಢಿ ಆ ಬಜಾರಿನಲ್ಲಿ ಇರಲಿಲ್ಲ.

ಅಂಗಡಿಯ ಮಾಲಕ ಉಮಚಗಿ ಶೆಟ್ಟರು ಗದಿಗೆಪ್ಪನನ್ನು ಪಕ್ಕಕ್ಕೆ ಕರೆದರು. "ನಗಸಾಕ ನಾಟಕ ಕಂಪನಿ ಅದಾವ, ಗದಿಗೆಪ್ಪಾ. ಸೋಮವಾರ ನಿನ್ನ ದನಿ ತಂದ್ರ ಸವಾಲಿನ ಕಟ್ಟಿ ಹತ್ತು. ಇಲ್ಲಂದ್ರ ಮನ್ಯಾಗ ಕುಂದರು."

"ಈ ದರಿದ್ರ ಡಬ್ಬಿ ನಿನ್ನ ತಲಿ ಮ್ಯಾಲ ಒಡೀತೀನಿ" ಎಂದ ಗದಿಗೆಪ್ಪ.

"ಈ ಸಾಧನದ ಬಗ್ಗೆ ನನಗೂ ಕಿಂಚಿತ್ ಅಸಮಾಧಾನವಿದೆ, ಮಾನ್ಯರೇ" ಎಂದಿತು ಹಲಗೆ.

ಅದೇ ದಿನ ಅವನು ನುಡಿಹಲಗೆಗಳನ್ನು ದುರಸ್ತಿ ಮಾಡುವ ಧ್ವನಿಕೇಂದ್ರದ ಮೆಟ್ಟಿಲು ಹತ್ತಿದ. ಅಲ್ಲಿನ ವಿಜ್ಞಾನಿ ಡಾಕ್ಟರ್ ಹಸೀನಾ ನದಾಫ್, ಲಕ್ಷ್ಮೇಶ್ವರದ ಹೆಣ್ಣುಮಗಳು. ಹಲಗೆ ಅವರಿಗೆ ವಂದನೆಗಳನ್ನು ಅರ್ಪಿಸುತ್ತಿದ್ದಂತೆ ಮುಖ ಸಿಂಡರಿಸಿದರು.

"ಇದನ್ನ ಯಾರು ಮಾಡ್ಯಾರಂತೀನಿ! ತಣ್ಣನ ಕ್ವಾಣ್ಯಾಗ ಕುಂತು ಊರವರಿಗೆಲ್ಲಾ ಒಂದ ನಾಲಿಗಿ ಹಚ್ಚಿ ಕಳಸ್ಯಾರ. ನೀವು ಕೂಡ್ರಿ ಕಾಕಾ. ಈ ಗಂಟು ಬಿಚ್ಚೂಣು. ನಿಮ್ಮ ಹಳೇ ದನಿ ಎಲ್ಲೆರ ಮುದ್ರಣ ಆಗಿದ್ರ ಅದನ್ನ ತುಂಬಿ ಮತ್ತ ಕಟ್ಟೂಣು. ಎರಡ ತಾಸಿನ ಕೆಲಸ."

ಬಜಾರಿನ ಸಮಿತಿ ಪ್ರತಿ ಸವಾಲನ್ನೂ ಮುದ್ರಿಸಿಟ್ಟಿತ್ತು. ಅದೆಲ್ಲ ತರಿಸಿದ್ದಾಯಿತು. ಹಸೀನಾ ಕಂಪನಿಯ ಗಂಟನ್ನು ಬಿಚ್ಚಿ, ತುಪ್ಪದ ದನಿಯನ್ನು ಹೊರಗೆ ಸುರಿದು, ಗದಿಗೆಪ್ಪನ ದನಿಯನ್ನು ಮಾತು ಮಾತಾಗಿ ಬಿಡಿಸಿ ತುಂಬಿ, ಮತ್ತೆ ಕಟ್ಟಿ ಹಲಗೆಗೆ ಏರಿಸಿದರು.

"ಗಂಟು ಸ್ವೀಕೃತವಾಗಿಲ್ಲ" ಎಂದು ಹಲಗೆಯ ಮೇಲೆ ಮೂಡಿತು. ಯಾಕೆಂದು ಬರೆದಿರಲಿಲ್ಲ.

ಗಂಟಿನೊಳಗಿನ ಯಾದಿಯ ಕ್ರಮ ತಪ್ಪಿರಬಹುದೆಂದು ಸರಿಪಡಿಸಿದರು. ಸ್ವೀಕೃತವಾಗಲಿಲ್ಲ. ಬಿಚ್ಚಿ ಕಟ್ಟಿದ ಗಂಟಿಗೆ ಹೊಸ ಮುದ್ರೆ ಒತ್ತಬೇಕು. ಹಳೆಯ ಮುದ್ರೆ ಉಳಿದಿದೆಯೆಂದು ಅದನ್ನು ಬದಲಿಸಿದರು. ಆಗಲಿಲ್ಲ. ಎರಡು ತಾಸಿನ ಕೆಲಸ ಎರಡು ದಿನಕ್ಕೆ ಬಂತು. ಮೂರನೆಯ ದಿನ, ಶನಿವಾರ ಬೆಳಿಗ್ಗೆ, ಗಂಟಿನ ತಳದಲ್ಲಿ ಕಂಪನಿ ಬಚ್ಚಿಟ್ಟಿದ್ದ ಒಂದು ಚಿಕ್ಕ ಕಾರ್ಯಕ್ರಮ ಹಸೀನಾರ ಕಣ್ಣಿಗೆ ಬಿತ್ತು. ಅದರ ಹೆಸರು ಸಭ್ಯತೆಯ ಜರಡಿ. ಬೈಗುಳ ಬೆರೆತ ಯಾವ ಮಾತನ್ನೂ ಅದು ಒಳಗೆ ಬಿಡುತ್ತಿರಲಿಲ್ಲ. ಅದನ್ನು ಕಿತ್ತು ಹಾಕಿದರೆ ಹಲಗೆಯೇ ಸತ್ತುಹೋಗುವ ಹಾಗೆ ಹೆಣೆದಿದ್ದರು.

"ಥೂ, ಇವರ ಸಭ್ಯತಾಕ್ಕ ಬೆಂಕಿ ಬಿತ್ತು!" ಎಂದರು ಹಸೀನಾ. "ಇರಲಿ ಕಾಕಾ. ಬೈಗಳ ಇದ್ದ ಮಾತು ಬಿಟ್ಟು ಉಳದದ್ದನ್ನ ಕಟ್ಟೂಣು."

ಗದಿಗೆಪ್ಪನ ಎಂಟು ಸಾವಿರ ಮಾತುಗಳನ್ನು ಜರಡಿಯಲ್ಲಿ ಹಾಕಿದರು. ಕೆಳಗೆ ಬಿದ್ದದ್ದು ನಲವತ್ತೊಂದು. ಅವುಗಳಲ್ಲಿ ಮೂವತ್ತೆಂಟು ಬರೀ ಅಂಕಿಗಳು. ಉಳಿದವು "ಹೂಂ", "ಆತು", "ಚೀಲ". ಒಂದು ಗಂಟು ಕಟ್ಟಲು ಕನಿಷ್ಠ ಮುನ್ನೂರು ಬೇಕು.

ಇಪ್ಪತ್ತೆಂಟು ವರ್ಷ ಬಾಯಿ ಬಿಟ್ಟದ್ದಕ್ಕೆ ಉಳಿದದ್ದು ಇಷ್ಟೇ ಎಂದು ಪರದೆ ತೋರಿಸುತ್ತಿತ್ತು. ಗದಿಗೆಪ್ಪ ಅದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿದ. ಉಳ್ಳಾಗಡ್ಡಿ ಚೀಲವನ್ನು ಮೇಲೆ ಮುಟ್ಟಿದರೆ ಗಟ್ಟಿ ಇರುತ್ತದೆ, ಕೈ ಒಳಗೆ ಹಾಕಿದರೆ ಕೊಳೆತ ಲೋಳೆ ಬೆರಳಿಗೆ ಮೆತ್ತುತ್ತದೆ. ಅಂಥ ಚೀಲಗಳನ್ನು ಅವನು ಎಷ್ಟೋ ಸಲ ಒದ್ದು ಪಕ್ಕಕ್ಕೆ ಸರಿಸಿದ್ದ.

"ಮನ್ಯಾಗ?" ಎಂದು ಹಸೀನಾ ಕೇಳಿದರು. "ಮನ್ಯಾಗ ಹೆಂಡತಿ ಕೂಡ ಮಾತಾಡಿದ್ದು?"

ಗದಿಗೆಪ್ಪ ತಲೆ ಅಲ್ಲಾಡಿಸಿದ. ಮನೆಯ ಮಾತು ಹಾಕಿದ್ದರೆ ಆ ಜರಡಿಯಿಂದ ನಲವತ್ತೊಂದೂ ಇಳಿಯುತ್ತಿರಲಿಲ್ಲ.

"ಬೈಗಳ ಬಿಟ್ಟು ಯಾರ ಜೋಡಿನೂ ಮಾತಾಡೇ ಇಲ್ಲೇನ್ರಿ ಕಾಕಾ, ನಿಮ್ಮ ಆಯುಷ್ಯದಾಗ?"

ಗದಿಗೆಪ್ಪ, ಕದ್ದ ಮಾಲು ಒಪ್ಪಿಸುವವನ ಹಾಗೆ, ನೆಲ ನೋಡುತ್ತ ಗಂಟಲು ಅಲುಗಿಸಿದ.

"ನಮ್ಮ ಮನೆಯಲ್ಲಿ ಎಮ್ಮೆಯವರೊಬ್ಬರು ಇದ್ದಾರೆ" ಎಂದಿತು ಹಲಗೆ.

ಎಮ್ಮೆಯ ಹೆಸರು ಚಂದ್ರಿ. ಅದು ಗದಿಗೆಪ್ಪನಿಗಲ್ಲದೆ ಇನ್ಯಾರಿಗೂ ಹಾಲು ಕೊಡುತ್ತಿರಲಿಲ್ಲ. ಬೇರೆಯವರು ಹತ್ತಿರ ಬಂದರೆ ಒದೆಯುತ್ತಿತ್ತು. ದಿನಾ ಬೆಳಗಾಗುವ ಮುಂಚೆ ಅವನು ಕೊಟ್ಟಿಗೆಯ ಬಾಗಿಲು ಮುಚ್ಚಿಕೊಂಡು ಹಿಂಡುತ್ತಿದ್ದ. ಹಾಲಿನ ಸಂಘದವರು, ಎಮ್ಮೆ ಮೆಲುಕು ಹಾಕುವುದನ್ನು ಆಲಿಸಿ ರೋಗ ಗುರುತಿಸುವ ಪಟ್ಟಿಯೊಂದನ್ನು ಅದರ ಕೊರಳಿಗೆ ಕಟ್ಟಿದ್ದರು. ಮೆಲುಕಿನ ಜೊತೆ ಅವನ ಮಾತೂ ಅದರಲ್ಲಿ ಮುದ್ರಣವಾಗುತ್ತಿತ್ತು. ಆರು ವರ್ಷದ ಮುದ್ರಣ ಸಂಘದ ಬಳಿ ಹಾಗೇ ಬಿದ್ದಿತ್ತು.

ಹಸೀನಾ ಅದನ್ನು ತರಿಸಿ, ಸ್ವಲ್ಪ ಹೊತ್ತು ಕೇಳಿ, ಗದಿಗೆಪ್ಪನ ಮುಖವನ್ನೊಮ್ಮೆ ನೋಡಿದರು. ಮುದ್ರಣವನ್ನು ಜರಡಿಗೆ ಹಾಕಿದರು. ಜರಡಿಯಿಂದ ಎರಡು ಸಾವಿರಕ್ಕೂ ಮಿಕ್ಕಿ ಮಾತು ಇಳಿದವು. ಗಂಟು ಒಂದೇ ಸಲಕ್ಕೆ ಸ್ವೀಕೃತವಾಯಿತು.

"ಸವಾಲಿಗೆ ಅಂಕಿ ಅದಾವು, ಏರಸ್ರಿ ಅನ್ನಾಕ ಎಮ್ಮಿ ಎಬ್ಬಸೂ 'ಏಳು ಏಳು' ಐತಿ. ದನಿ ನಿಮ್ಮದ. ಸೋಮವಾರ ಯಾರೂ ನಗೂದಿಲ್ಲ ಹೋಗ್ರಿ."

ಹಲಗೆಯಿಂದ ತನ್ನ ಒಡಕು ಗಂಟಲೇ ಕೇಳಿಬಂದಾಗ ಗದಿಗೆಪ್ಪನ ಮೈ ಝುಂ ಎಂದಿತು. ದಾರಿಯುದ್ದಕ್ಕೂ "ಒಂದು, ಎರಡು, ಏಳು ಏಳು" ಎಂದು ಕೂಗಿಸುತ್ತ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಮುಟ್ಟಿದ.

ಅವನ ಹೆಂಡತಿ ಫಕೀರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಪಡಸಾಲೆಯ ಗೋಡೆಗೆ ಒರಗಿ ಕುಳಿತು ಎಂದಿನಂತೆ ಅಂದುಕೊಂಡ: "ಎಲ್ಲಿ ಸತ್ತೀಲೇ, ಉಣ್ಣಾಕ ಗಂಗಾಳ ತಾ."

ಗಂಟಿನಲ್ಲಿ ಆ ಮಾತು ಇರಲಿಲ್ಲ. ಹಲಗೆ ಹತ್ತಿರದ್ದನ್ನು ಹೆಕ್ಕಿತು.

"ಎಲ್ಲಿದ್ದೀಯೇ ನನ್ನ ರಾಣಿ? ಬಾ, ನನ್ನವ್ವಾ. ನಿನ್ನ ಮಾರಿ ನೋಡದ ನನಗ ಬೆಳಕ ಹರಿಯೂದಿಲ್ಲ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಫಕೀರವ್ವ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಇದು ನಿಮ್ಮ ದನಿ" ಎಂದಳು. "ಮಾತು ಡಾಕ್ಟರು ಬರದ ಕೊಟ್ಟಾರೇನು?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತನ್ನ ದನಿಯ ಹೆಮ್ಮೆಯಲ್ಲಿ ಅವನು ಗದ್ದ ಎತ್ತಿ ಕೊಟ್ಟಿಗೆಯ ಕಡೆ ತೋರಿಸಿದ.

ಫಕೀರವ್ವ ಕೊಟ್ಟಿಗೆ ನೋಡಿದಳು, ಹಲಗೆ ನೋಡಿದಳು, ಗಂಡನನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಅವಳು ತಿರುಗಲಿಲ್ಲ.

"ಚಂದ್ರಿಗೆ" ಎಂದಳು. "ಇಪ್ಪತ್ತಾರು ವರ್ಸ ನನ್ನ ಹೆಸರ ಹಿಡದು ಒಂದ ಸಲ ಕರೀಲಿಲ್ಲ ನೀವು. ಅವರ ಸ್ವಭಾವನ ಹಂಗ, ಇಂಥಾ ಮಾತು ಅವರ ಹೊಟ್ಟ್ಯಾಗ ಹುಟ್ಟಿಲ್ಲ ಬಿಡು ಅಂತ ಬಾಳೇವು ಮಾಡಿದೆ. ಹುಟ್ಟಿದ್ದೂವು. ಎಲ್ಲಾ ಒಯ್ದು ಎಮ್ಮಿಗೆ ಸುರದೀರಿ."

ಗದಿಗೆಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಬಾಯಿ ಮುಚ್ಚಲೇ" ಎಂದ.

"ಸುಮ್ಮಕಿರು ನನ್ನ ಬಂಗಾರಾ" ಎಂದಿತು ಹಲಗೆ, ಅವನದೇ ದನಿಯಲ್ಲಿ. "ಕಾಲು ನೊಂದಾವೇನು? ತಿಕ್ಕಲೇನು?"

"ಥೂ!" ಎಂದು ಅವಳು ಅಂಗಳಕ್ಕೆ ಉಗುಳಿದಳು. "ಎಮ್ಮಿ ತಿಂದು ಬಿಟ್ಟ ಮೇವು ನನ್ನ ಮುಂದ ಚೆಲ್ಲಬ್ಯಾಡ್ರಿ. ನೀವು ಬೈದಾಗ ಹೊಲಸ ಅನಸ್ತಿತ್ತು, ತೊಳಕೊಂತಿದ್ದೆ. ಇದನ್ನ ಹ್ಯಾಂಗ ತೊಳಕೊಳ್ಳಿ?"

ಅವಳು ಒಳಗೆ ಹೋಗಿ ಸುಟ್ಟ ರೊಟ್ಟಿಯನ್ನು ತೆಗೆದು ಹೊರಗೆ ಎಸೆದಳು. ಮತ್ತೆ ಕುಳಿತಳು. ಹಿಟ್ಟು ಮುಟ್ಟಲಿಲ್ಲ.

ಗದಿಗೆಪ್ಪನಿಗೆ ಸೋಮವಾರವೂ ಕಟ್ಟೆಯೂ ನೆನಪಿಗೆ ಬರಲಿಲ್ಲ. ತನ್ನ ಬಾಯಿಯ ಬಗೆಗೇ ಅವನಿಗೆ ಓಕರಿಕೆ ಬಂದಿತ್ತು. ಗಂಟಲು ಒತ್ತಿ ಒಂದು ಮಾತು ಅಂದುಕೊಂಡ. ಹಲಗೆ ಮಾತಾಡಲಿಲ್ಲ. ಇನ್ನೊಮ್ಮೆ ಅಂದುಕೊಂಡ. ಪರದೆಯ ಮೇಲೆ ಅಕ್ಷರ ಮೂಡಿತು: "ಈ ಮಾತು ಗಂಟಿನಲ್ಲಿಲ್ಲ. ಹತ್ತಿರದ ಮಾತೂ ಇಲ್ಲ."

ತಪ್ಪಾತು ಎಂದು ಬಜಾರಿನಲ್ಲಿ ಅವನು ಯಾರಿಗೂ ಅಂದಿರಲಿಲ್ಲ. ಎಮ್ಮೆಗೆ ಅನ್ನುವ ಪ್ರಸಂಗವೇ ಬಂದಿರಲಿಲ್ಲ.

ಅವನು ಗಂಟಲ ಬಿಲ್ಲೆಯನ್ನು ಕಿತ್ತು ಹಲಗೆಯ ಮೇಲಿಟ್ಟ. ಒಲೆಯ ಎದುರು ಹೋಗಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ದನಿಯಿಲ್ಲದ ಬಾಯಿ ತೆರೆದು ತುಟಿಗಳನ್ನು ಆಡಿಸಿದ. ರೂಢಿಯಿಲ್ಲದ ತುಟಿಗಳು ಒಂದಕ್ಕೊಂದು ತಾಗದೆ ತಡವರಿಸಿದವು. ನಡುವೆ ಕೊರಳಿನ ತೂತಿನಿಂದ ಬರೀ ಉಸಿರು ಬುಸುಗುಟ್ಟಿತು.

ಫಕೀರವ್ವ ಅವನ ಬಾಯಿಯನ್ನೇ ದಿಟ್ಟಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಉರಿ ತಗ್ಗಿಸಿದಳು.

"ತಿಳೀಲಿಲ್ಲ" ಎಂದಳು. "ಸಾವಕಾಶ ಅನ್ರಿ."